ಅಟ್ಟದ ಕೆಳಗಿನ ಲ್ಯಾಪ್‌ಟಾಪ್

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಹಳೆಯ ಮನೆಗಳಲ್ಲಿ ಮನುಷ್ಯರಿಗಿಂತ ತೆಂಗಿನಕಾಯಿಗೆ ಹೆಚ್ಚು ಮರ್ಯಾದೆ. ಮನುಷ್ಯರು ಕೆಳಗೆ ಚಾಪೆ ಹಾಸಿಕೊಂಡು ಮಲಗುತ್ತಾರೆ, ಕಾಯಿ ಮೇಲೆ ಅಟ್ಟದಲ್ಲಿ ಮಲಗುತ್ತದೆ. ಸಿಪ್ಪೆಯ ಸಮೇತ ಹೆಚ್ಚುಕಡಿಮೆ ಒಂದು ವರ್ಷ ಅಲ್ಲಿ ಬಿದ್ದುಕೊಂಡ ಕಾಯಿಯೊಳಗೆ ನೀರು ಬತ್ತಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಆಯಿತೋ ಇಲ್ಲವೋ ಎಂದು ಒಡೆದು ನೋಡುವಂತಿಲ್ಲ. ಒಡೆದರೆ ಉಂಡೆಯೇ ಹೋಯಿತು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗೆ ‘ಗಡಗಡ’ ಎಂದರೆ ಕೊಬ್ಬರಿ. ‘ಗುಳುಗುಳು’ ಎಂದರೆ ಇನ್ನೂ ಕಾಯಬೇಕು. ಈ ವಿದ್ಯೆಗೆ ಯಾವ ಪದವಿಯೂ ಬೇಡ, ತಾಳ್ಮೆ ಬೇಕು.

ತಿಪಟೂರಿನಿಂದ ತುರುವೇಕೆರೆಗೆ ಹೋಗುವ ದಾರಿಯಲ್ಲಿ, ನೊಣವಿನಕೆರೆಯ ಆಸುಪಾಸಿನ ಹಳ್ಳಿಯೊಂದರಲ್ಲಿ ಅಂಥದೊಂದು ಮನೆ. ಯಜಮಾನರಿಗೆ ಅರವತ್ತು ಹತ್ತಿರ. ತೋಟ, ಅಟ್ಟ, ಎರಡು ಎಮ್ಮೆ, ವಯಸ್ಸಾದ ತಾಯಿ, ಹೆಂಡತಿ, ತಿಪಟೂರಿನ ಕಾಲೇಜಿನಲ್ಲಿ ಬಿಸಿಎ ಕೊನೆಯ ವರ್ಷದ ಮಗಳು. ಮಗನೊಬ್ಬ ಬೆಂಗಳೂರಿನಲ್ಲಿದ್ದಾನೆ. ‘ತೋಟ ನೋಡಿಕೊಂಡು ಇರು’ ಎಂದ ತಂದೆಯ ಮಾತನ್ನು ಮೀರಿ ಹೋದವನು. ಅಂದಿನಿಂದ ಅಪ್ಪ ಮಗನ ನಡುವೆ ಮಾತು ಪೂರ್ತಿ ನಿಂತಿಲ್ಲ, ಆದರೆ ಮಳೆ, ಕೊಬ್ಬರಿ ರೇಟು, ಅಜ್ಜಿಯ ಆರೋಗ್ಯ ಇವುಗಳ ಆಚೆಗೆ ದಾಟುವುದೂ ಇಲ್ಲ.

ಆ ಮಗ ತನ್ನ ಹಳೆಯ ಲ್ಯಾಪ್‌ಟಾಪನ್ನು ತಂಗಿಗೆ ಕೊಟ್ಟಿದ್ದ. ಅದರಲ್ಲಿದ್ದದ್ದು ವಿಂಡೋಸ್ 10. ಮೈಕ್ರೋಸಾಫ್ಟ್ ಅದಕ್ಕೆ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದು ಇದಕ್ಕಿಂತ ಹೊಸ ಪ್ರೊಸೆಸರ್ ಬೇಕೆನ್ನುತ್ತದೆ. ಯಂತ್ರ ಗಟ್ಟಿಯಾಗಿದೆ, ಬಿಸಾಡಲು ಮನಸ್ಸಿಲ್ಲ. ಆ ದೀಪಾವಳಿಗೆ ಊರಿಗೆ ಬಂದವನು ವಿಂಡೋಸನ್ನು ತೆಗೆದು ಉಬುಂಟು ಹಾಕಿಕೊಟ್ಟ.

ಉಬುಂಟು ಎನ್ನುವುದು ಲಿನಕ್ಸ್ ಕುಟುಂಬದ ಒಂದು ಕಾರ್ಯಾಚರಣೆ ವ್ಯವಸ್ಥೆ. ಎಲ್ಲರೂ ಬಳಸಬಹುದಾದ, ತಿದ್ದಬಹುದಾದ, ಹಂಚಬಹುದಾದ ತಂತ್ರಾಂಶ ಬೇಕೆಂದು ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಘೋಷಿಸಿದರು. ಫಿನ್ಲೆಂಡಿನಲ್ಲಿ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಅದಕ್ಕೆ ಹೊಂದುವ ತಿರುಳನ್ನು ಬರೆದರು. ಉಬುಂಟುವಿನ ಮೊದಲ ಆವೃತ್ತಿ ಬಂದದ್ದು 2004ರಲ್ಲಿ. ದುಡ್ಡು ಕೊಡಬೇಕಿಲ್ಲ ಎನ್ನುವುದು ಅದರ ಒಂದು ಗುಣ ಮಾತ್ರ. ಒಳಗೆ ಏನಿದೆ ಎಂದು ಯಾರು ಬೇಕಾದರೂ ನೋಡಬಹುದು ಎನ್ನುವುದು ದೊಡ್ಡ ಗುಣ.

ಮಗ ಇದನ್ನೆಲ್ಲ ಜಗುಲಿಯಲ್ಲಿ ಕೂತು ವಿವರಿಸಿದಾಗ ತಂದೆ ಹೊಂಬಾಳೆ ಸೀಳುತ್ತಾ ಕೇಳಿಸಿಕೊಂಡು, ಕೊನೆಗೆ ಒಂದೇ ಮಾತು ಹೇಳಿದ್ದರು: “ಅಂದ್ರೆ ಬಿಟ್ಟಿ.”

“ಬಿಟ್ಟಿ ಅಲ್ಲ ಅಪ್ಪಾಜಿ, ಮುಕ್ತ.”

“ಎರಡಕ್ಕೂ ದುಡ್ಡು ಕೊಡಂಗಿಲ್ಲ ತಾನೆ?”

ಮಗಳಿಗೆ ಅದು ಹೊಸದಾಗಿರಲಿಲ್ಲ. ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರಿಗೆ 2010ರ ದಶಕದಲ್ಲಿ ನಡೆದ ಕಂಪ್ಯೂಟರ್ ತರಬೇತಿಗಳಲ್ಲಿ ಉಬುಂಟು ಬಳಕೆಗೆ ಬಂದಿತ್ತು. ರೇಖಾಗಣಿತಕ್ಕೆ ಜಿಯೋಜೀಬ್ರಾ, ವಿಜ್ಞಾನಕ್ಕೆ ಫೆಟ್‌ನಂಥ ತಂತ್ರಾಂಶಗಳು ಅದರ ಜೊತೆಗೇ ಹಲವು ತರಗತಿಗಳಿಗೆ ಬಂದವು. ಪಕ್ಕದ ಕೇರಳದ ಶಾಲೆಗಳಲ್ಲಂತೂ ಕಂಪ್ಯೂಟರ್ ಪಾಠವೆಲ್ಲ ಲಿನಕ್ಸಿನಲ್ಲೇ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಈ ಹುಡುಗಿ ಒಂಬತ್ತನೆಯ ತರಗತಿಯಲ್ಲಿ ತ್ರಿಕೋನದ ಮೂರು ಕೋನಗಳನ್ನು ಕೂಡಿಸಿ ನೋಡಿದ್ದು ಅದೇ ತೆರೆಯ ಮೇಲೆ. ಹೀಗಾಗಿ ಅಣ್ಣ ಹಾಕಿಕೊಟ್ಟದ್ದನ್ನು ಅವಳು ಹೆದರದೆ ಬಳಸತೊಡಗಿದಳು.

ಸಂಕ್ರಾಂತಿಯವರೆಗೆ ಎಲ್ಲವೂ ಸರಿಯಾಗಿತ್ತು. ಶಿವರಾತ್ರಿ ಕಳೆದ ಮೇಲೆ ಒಂದು ಮಧ್ಯಾಹ್ನ ಲ್ಯಾಪ್‌ಟಾಪ್ ಇದ್ದಕ್ಕಿದ್ದಂತೆ ಆರಿಹೋಯಿತು. ಸೂಚನೆಯಿಲ್ಲ, ಸದ್ದಿಲ್ಲ, ಎಣ್ಣೆ ತೀರಿದ ದೀಪವಾದರೂ ಸ್ವಲ್ಪ ಹೊತ್ತು ಮಿಣಮಿಣ ಎನ್ನುತ್ತದೆ, ಇದು ಅದೂ ಇಲ್ಲ. ಮತ್ತೆ ಒತ್ತಿದರೆ ಹತ್ತಿತು. ಇಪ್ಪತ್ತು ನಿಮಿಷಕ್ಕೆ ಮತ್ತೆ ಆರಿತು. ಆ ವಾರ ಐದು ಸಲ ಹೀಗಾಯಿತು.

ಅವಳ ಕೊನೆಯ ವರ್ಷದ ಪ್ರಾಜೆಕ್ಟು ಅದರಲ್ಲಿತ್ತು. ತೆಂಗಿನ ಗರಿಯ ಫೋಟೋ ತೋರಿಸಿದರೆ ಇದು ಕಪ್ಪುತಲೆ ಹುಳುವಿನ ಕಾಟವೋ, ಎಲೆಚುಕ್ಕೆಯೋ, ಆರೋಗ್ಯವಾದ ಗರಿಯೋ ಎಂದು ಕಂಪ್ಯೂಟರ್ ವಿಂಗಡಿಸಬೇಕು. ಇದಕ್ಕಾಗಿ ಆಕೆ ಸ್ವಂತ ತೋಟದಲ್ಲೂ ಪಕ್ಕದವರ ತೋಟದಲ್ಲೂ ನೂರಾರು ಚಿತ್ರ ತೆಗೆದಿದ್ದಳು. ಆ ಚಿತ್ರಗಳನ್ನು ನೋಡಿ ನೋಡಿ ಯಂತ್ರ ಕಲಿಯಬೇಕಾದರೆ ಒಂದೇ ಸಮನೆ ಮೂರು ನಾಲ್ಕು ಗಂಟೆ ದುಡಿಯಬೇಕು. ಇಪ್ಪತ್ತು ನಿಮಿಷಕ್ಕೊಮ್ಮೆ ಮೂರ್ಛೆ ಹೋದರೆ ಕಲಿಯುವುದೇನು? ಒಪ್ಪಿಸುವ ದಿನಕ್ಕೆ ಇನ್ನು ಒಂದೂವರೆ ತಿಂಗಳು.

ತೀರ್ಪುಗಳು ತಡವಾಗಲಿಲ್ಲ. ಪೇಟೆಯ ರಿಪೇರಿ ಅಂಗಡಿಯವನು ಆನ್ ಮಾಡಿ, ಪರದೆಯ ಮೇಲೆ ಉಬುಂಟು ಕಂಡ ಕೂಡಲೇ, “ಇದನ್ನ ಯಾರು ಹಾಕಿದ್ದು? ಇದೇ ಪ್ರಾಬ್ಲಮ್ಮು. ತೆಗೆದು ವಿಂಡೋಸ್ ಹಾಕ್ಬೇಕು. ಆಗ್ಲಿಲ್ಲ ಅಂದ್ರೆ ಬೋರ್ಡ್ ಹೋಗೈತೆ” ಎಂದ. ಪಕ್ಕದ ಮನೆಯ ಹುಡುಗ ವೈರಸ್ ಎಂದ. ತಂದೆಗೆ ಇಷ್ಟು ಸಾಕಾಗಿತ್ತು.

“ಮೂರು ವರ್ಷ ವಿಂಡೋಸ್ ಇತ್ತು, ಒಂದಿನ ನಿಂತಿರಲಿಲ್ಲ. ಅವ್ನು ಬಂದು ಬಿಟ್ಟಿದು ಹಾಕಿ ಹೋದ, ನಿಂತ್ಕಂತು. ಇರೋದನ್ನ ಇದ್ದಂಗೆ ಬಿಡೋದು ಅವನ ಜಾಯಮಾನದಲ್ಲೇ ಇಲ್ಲ.”

ಮಾತು ಲ್ಯಾಪ್‌ಟಾಪಿನ ಬಗ್ಗೆ ಶುರುವಾಗಿ ಎಲ್ಲಿಗೆ ಬಂದು ನಿಂತಿತೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಾಯಿತು. ತಾಯಿ ಒಳಗೆ ಹೋದರು. ರಾತ್ರಿ ಮಗಳು ಅಣ್ಣನಿಗೆ ಫೋನು ಮಾಡಿದಾಗ ಅಪ್ಪನ ಮಾತಿನ ಅರ್ಧ ಭಾಗವನ್ನಾದರೂ ಹೇಳಬೇಕಾಯಿತು. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, “ಹಂಗಾದ್ರೆ ಅಂಗಡಿಯವನು ಹೇಳಿದಂಗೇ ಮಾಡ್ಸಿ. ನಾನಿನ್ನು ಯಾವುದಕ್ಕೂ ಕೈ ಹಾಕಲ್ಲ” ಎಂದು ಇಟ್ಟುಬಿಟ್ಟ.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತಾರೆ. ಕಾಗೆಯನ್ನು ಓಡಿಸುವುದು ಸುಲಭ. ಕೊಂಬೆ ಯಾಕೆ ಮುರಿಯಿತೆಂದು ನೋಡುವವರು ಕಡಿಮೆ. ಹುಡುಗಿ ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದು ಗೆರೆ ಎಳೆದಳು. ಎಷ್ಟು ಗಂಟೆಗೆ ಆರಿತು, ಎಲ್ಲಿ ಇಟ್ಟಿತ್ತು, ಚಾರ್ಜರ್ ಇತ್ತೇ, ಯಾವ ಕೆಲಸ ನಡೆದಿತ್ತು, ಎಷ್ಟು ನಿಮಿಷ ಬಾಳಿತು – ಐದು ಕಲಮು.

ಲಿನಕ್ಸ್ ಯಂತ್ರಕ್ಕೆ ದಿನಚರಿ ಬರೆಯುವ ಅಭ್ಯಾಸವಿದೆ. ಹತ್ತಿದ ಕ್ಷಣದಿಂದ ಆರುವ ಕ್ಷಣದವರೆಗೆ ಯಾರು ಬಂದರು, ಯಾವ ಭಾಗ ಎಚ್ಚರವಾಯಿತು, ಯಾವುದು ಮುನಿಸಿಕೊಂಡಿತು ಎಲ್ಲವನ್ನೂ ಗಂಟೆ, ನಿಮಿಷ, ಸೆಕೆಂಡು ಸಮೇತ ಬರೆದಿಡುತ್ತದೆ. ವಿಂಡೋಸಿನಲ್ಲಿಯೂ ಇಂಥ ದಾಖಲೆ ಉಂಟು, ತೆರೆದು ನೋಡುವವರು ಅಪರೂಪ. ಉಬುಂಟುವಿನ ಕಪ್ಪು ಪರದೆಯಲ್ಲಿ ‘ಜರ್ನಲ್‌ಸಿಟಿಎಲ್’ ಎಂಬ ಆಜ್ಞೆ ಕೊಟ್ಟು, ಹಿಂದಿನ ಸಲದ್ದನ್ನು ತೋರಿಸು ಎಂದರೆ ಆರಿಹೋಗುವ ಮುಂಚಿನ ಕಥೆ ಸಾಲುಸಾಲಾಗಿ ಬರುತ್ತದೆ.

ಯಂತ್ರ ತಾನಾಗಿ ಮುಚ್ಚಿಕೊಂಡಿದ್ದರೆ ದಿನಚರಿಯ ಕೊನೆಯಲ್ಲಿ ಕ್ರಮವಾದ ವಿದಾಯ ಇರುತ್ತದೆ: ಈ ಸೇವೆ ನಿಲ್ಲಿಸಿದೆ, ಆ ಸೇವೆ ನಿಲ್ಲಿಸಿದೆ, ಡಿಸ್ಕ್ ಬಿಡಿಸಿದೆ, ಹೊರಟೆ. ಬ್ಯಾಟರಿ ತೀರಿದ್ದಕ್ಕೋ, ಯಾರೋ ಗುಂಡಿ ಒತ್ತಿದ್ದಕ್ಕೋ ಆಗಿದ್ದರೆ ಅದನ್ನೂ ಬರೆದಿರುತ್ತದೆ. ಇಲ್ಲಿ ಅಂಥದ್ದೇನೂ ಇರಲಿಲ್ಲ. ವಾಕ್ಯದ ನಡುವೆ ಲೇಖನಿ ಕಸಿದುಕೊಂಡಂತೆ ಬರಹ ನಿಂತಿತ್ತು. ಐದು ಸಲವೂ ಹಾಗೇ.

ಅಂದರೆ ವ್ಯವಸ್ಥೆ ಯಂತ್ರವನ್ನು ಕ್ರಮಬದ್ಧವಾಗಿ ಮುಚ್ಚಿರಲಿಲ್ಲ. ಅದರ ಕಾಲ ಕೆಳಗಿನ ನೆಲವನ್ನೇ ಯಾರೋ ಎಳೆದಿದ್ದರು. ಆದರೆ ಇಷ್ಟಕ್ಕೇ ಅದನ್ನು ನಿರ್ದೋಷಿ ಎನ್ನುವಂತಿಲ್ಲ. ಮುಕ್ತ ತಂತ್ರಾಂಶಕ್ಕೂ ತನ್ನದೇ ತಪ್ಪುಗಳಿವೆ. ಕೆಲವು ಗ್ರಾಫಿಕ್ಸ್ ಕಾರ್ಡುಗಳ ಜೊತೆ ಅದು ಸರಿಹೋಗುವುದಿಲ್ಲ, ಕೆಲವು ಲ್ಯಾಪ್‌ಟಾಪುಗಳಲ್ಲಿ ಫ್ಯಾನನ್ನು ಸರಿಯಾಗಿ ಆಳುವುದಿಲ್ಲ. ಅಣ್ಣ ಹಾಕಿದ್ದು ಎಂಬ ಕಾರಣಕ್ಕೆ ಅದನ್ನು ಬಿಟ್ಟುಕೊಡದಿರುವುದು, ಅಣ್ಣ ಹಾಕಿದ್ದು ಎಂಬ ಕಾರಣಕ್ಕೆ ಅದನ್ನು ದೂರುವಷ್ಟೇ ತಪ್ಪು. ಅವಳು ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತಾ ಹೋದಳು. ಎರಡನ್ನು ಒಟ್ಟಿಗೆ ಬದಲಿಸಿದರೆ ಸರಿಯಾದದ್ದು ಯಾವುದರಿಂದ ಎಂದು ಗೊತ್ತಾಗುವುದಿಲ್ಲ.

ಮೊದಲು ಬ್ಯಾಟರಿ. ತಯಾರಾದಾಗ 41 ವ್ಯಾಟ್-ಗಂಟೆ ಹಿಡಿಯುತ್ತಿದ್ದದ್ದು ಈಗ 22 ಹಿಡಿಯುತ್ತದೆಂದು ಯಂತ್ರವೇ ಹೇಳಿತು. ಮುದಿಯಾಗಿದೆ ನಿಜ. ಆದರೆ ಚಾರ್ಜರ್ ಚುಚ್ಚಿದ್ದಾಗ, ಬ್ಯಾಟರಿ ತುಂಬಿದ್ದಾಗಲೂ ಆರಿತ್ತು. ಆಮೇಲೆ ಕರೆಂಟು. ಹಳ್ಳಿಯ ವೋಲ್ಟೇಜು ಏರಿಳಿಯುವುದು ಹೊಸತಲ್ಲ, ಆದರೆ ಚಾರ್ಜರಿನ ಮೈಮೇಲೆ 100ರಿಂದ 240 ವೋಲ್ಟ್ ಎಂದು ಬರೆದಿತ್ತು. ಮೇಲಾಗಿ ಚಾರ್ಜರ್ ಕಿತ್ತಿಟ್ಟಾಗಲೂ ಆರಿತು. ಆಮೇಲೆ ಉಬುಂಟು. ಹತ್ತುವಾಗ ಬರುವ ಪಟ್ಟಿಯಿಂದ ಹಳೆಯ ಕರ್ನೆಲ್ ಆರಿಸಿ ಅದೇ ಕೆಲಸ ಕೊಟ್ಟಳು: ಹದಿನೇಳು ನಿಮಿಷ. ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವಿನಿಂದ ಬೇರೊಂದು ಲಿನಕ್ಸ್ ಹತ್ತಿಸಿ, ಯಂತ್ರಕ್ಕೆ ಅಷ್ಟೇ ಭಾರದ ಲೆಕ್ಕ ಹೊರಿಸಿದಳು: ಹದಿನಾರು ನಿಮಿಷ. ಅಣ್ಣ ಹಾಕಿಕೊಟ್ಟದ್ದು ಆ ಹೊತ್ತು ನಿದ್ದೆಯಲ್ಲಿತ್ತು. ಅದನ್ನು ಹೇಗೆ ದೂರುವುದು?

ನೋಟ್‌ಬುಕ್ಕಿನಲ್ಲಿ ಒಂದು ವಿಷಯ ಮಾತ್ರ ತಲೆ ಎತ್ತುತ್ತಿತ್ತು. ಬೆಳಗಿನ ಜಾವ ಐದಕ್ಕೆ ಜಗುಲಿಯಲ್ಲಿ ಕೂತರೆ ಐವತ್ತು ನಿಮಿಷ ಬಾಳುತ್ತದೆ. ಮಧ್ಯಾಹ್ನ ಅಟ್ಟದ ಕೆಳಗಿನ ಕೋಣೆಯಲ್ಲಾದರೆ ಹದಿನೈದು, ಇಪ್ಪತ್ತು. ಬರೀ ಟೈಪು ಮಾಡಿಕೊಂಡಿದ್ದರೆ ಆರುವುದೇ ಇಲ್ಲ.

ಅವಳು ದಿನಚರಿಯನ್ನು ಮತ್ತೆ ತೆರೆದಳು. ಮೊದಲ ಸಲ ಕೊನೆಯ ಸಾಲನ್ನಷ್ಟೇ ಓದಿದ್ದಳು. ಈ ಸಲ ಹಿಂದಿನ ಕಾಲು ಗಂಟೆಯನ್ನೆಲ್ಲ ಓದಿದಳು. ಐದು ಸಲವೂ, ಆರುವುದಕ್ಕೆ ಕೆಲವು ನಿಮಿಷ ಮುಂಚೆ, ಪ್ರೊಸೆಸರಿನ ತಾಪ ಮಿತಿ ಮೀರಿದೆ, ಅದರ ವೇಗವನ್ನು ತಗ್ಗಿಸಲಾಗಿದೆ ಎಂಬ ಸಾಲು ಇತ್ತು. ಯಂತ್ರ ಹೇಳುತ್ತಲೇ ಇತ್ತು, ಕೇಳಿಸಿಕೊಂಡವರಿರಲಿಲ್ಲ.

ಪ್ರೊಸೆಸರ್ ದುಡಿದಷ್ಟೂ ಬಿಸಿಯಾಗುತ್ತದೆ. ಈ ಬಗೆಯವು ಸುಮಾರು 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮೊದಲು ತಮ್ಮ ವೇಗವನ್ನು ತಾವೇ ಇಳಿಸಿಕೊಳ್ಳುತ್ತವೆ. ಅದಕ್ಕೂ ಬಗ್ಗದಿದ್ದರೆ ಸುಟ್ಟುಹೋಗುವುದಕ್ಕಿಂತ ಆರಿಹೋಗುವುದು ಮೇಲು ಎಂದು ಯಂತ್ರಾಂಶವೇ ಕರೆಂಟು ಕಡಿದುಹಾಕುತ್ತದೆ. ಆಗ ಕಾರ್ಯಾಚರಣೆ ವ್ಯವಸ್ಥೆಗೆ ವಿದಾಯ ಬರೆಯಲೂ ಸಮಯ ಸಿಗುವುದಿಲ್ಲ. ಅವಳು ಹತ್ತು ಸೆಕೆಂಡಿಗೊಮ್ಮೆ ‘ಸೆನ್ಸಾರ್ಸ್’ ಆಜ್ಞೆಯಿಂದ ತಾಪ ಅಳೆದು, ಅಳೆದ ಕೂಡಲೇ ಡಿಸ್ಕಿಗೆ ಬರೆಯುವ ನಾಲ್ಕು ಸಾಲಿನ ಪುಟ್ಟ ಪ್ರೋಗ್ರಾಮು ಮಾಡಿದಳು. ಕೂಡಲೇ ಬರೆಯದಿದ್ದರೆ ಕೊನೆಯ ಅಳತೆಗಳು ಮೆಮೊರಿಯಲ್ಲೇ ಉಳಿದು ಆರಿದಾಗ ಅಳಿಸಿಹೋಗುತ್ತವೆ. ಆ ಮಧ್ಯಾಹ್ನದ ಪಟ್ಟಿ ಹೀಗಿತ್ತು: 61, 78, 89, 95, 98, 99. ಆಮೇಲೆ ಖಾಲಿ.

ಬಿಸಿಯಾಗುತ್ತಿದೆ ಎಂದು ತಿಳಿಯಿತು. ಯಾಕೆ? ಫ್ಯಾನು ಕೆಟ್ಟಿದೆ ಎನ್ನೋಣವೆಂದರೆ ಅದು ತಿರುಗುವ ಸದ್ದು ಕಣಜದ ಗೂಡಿನಂತೆ ಕೇಳಿಸುತ್ತಿತ್ತು.

ಇದಕ್ಕೆ ಉತ್ತರ ಕೊಟ್ಟದ್ದು ಅಜ್ಜಿ. ಅವರು ದಿನವೂ ಮೊಮ್ಮಗಳ ಪಕ್ಕದಲ್ಲಿ ಕೂತು ಹೂಬತ್ತಿ ಹೊಸೆಯುತ್ತಾರೆ. “ಅಲ್ಲ ಕಣೆ,” ಎಂದರು, “ದೀಪಾವಳೀಲಿ ನಿನ್ನ ಈ ಪೆಟ್ಟಿಗೆ ಪಕ್ಕದಾಗೆ ಹತ್ತಿ ಇಟ್ರೆ ಉಫ್ ಅಂತ ಹಾರಿಸ್ತಿತ್ತು. ನಾನು ಬೈಕಂಡು ಆ ಕಡೆ ಸರೀತಿದ್ದೆ. ಈಗ ಅಷ್ಟು ಬುಸುಗುಟ್ತೈತೆ, ಒಂದು ಎಳೆ ಹತ್ತಿ ಅಲ್ಲಾಡಲ್ವಲ್ಲೇ.”

ಹುಡುಗಿ ಒಂದು ಹೂಬತ್ತಿಯನ್ನು ಲ್ಯಾಪ್‌ಟಾಪಿನ ಎಡಬದಿಯ ಜಾಲರಿಗೆ ಹಿಡಿದಳು. ಫ್ಯಾನು ಗುಯ್‌ಗುಡುತ್ತಿತ್ತು. ಬತ್ತಿ ತಟಸ್ಥ.

ಸಣ್ಣ ಸ್ಕ್ರೂಡ್ರೈವರು ತಂದೆಯ ಪೆಟ್ಟಿಗೆಯಲ್ಲಿತ್ತು, ಪಂಪ್‌ಸೆಟ್ ಸ್ಟಾರ್ಟರಿಗೆಂದು ಇಟ್ಟುಕೊಂಡದ್ದು. ಕೇಳಿದಾಗ ಅವರು ಏನೂ ಹೇಳದೆ ತಂದುಕೊಟ್ಟು, ಹೋಗದೆ ಅಲ್ಲೇ ನಿಂತರು. ಅವಳು ಯಂತ್ರವನ್ನು ಆರಿಸಿ, ಚಾರ್ಜರ್ ಕಿತ್ತು, ತಳದ ತಿರುಪುಗಳನ್ನು ಅವು ಇದ್ದ ಜಾಗದ ಕ್ರಮದಲ್ಲೇ ಕಾಗದದ ಮೇಲೆ ಜೋಡಿಸಿಟ್ಟಳು. ತಳ ಬಿಚ್ಚಿ ಮೊದಲು ಬ್ಯಾಟರಿಯ ಕೊಂಡಿಯನ್ನು ಬಿಡಿಸಿದಳು. ಬೆಳಕು ಸಾಲದಾಯಿತು. ತಂದೆ ಮೊಬೈಲಿನ ದೀಪ ಹತ್ತಿಸಿ ಮೇಲಿನಿಂದ ಹಿಡಿದರು.

ಫ್ಯಾನು ಚೊಕ್ಕಟವಾಗಿಯೇ ಕಾಣುತ್ತಿತ್ತು. ಅದನ್ನು ಎತ್ತಿದಾಗ ಗುಟ್ಟು ಹೊರಬಂತು. ಫ್ಯಾನಿಗೂ, ಬಿಸಿಯನ್ನು ಹೊರಹಾಕುವ ತೆಳು ತಗಡಿನ ಹಲ್ಲುಗಳಿಗೂ ನಡುವೆ ಒಂದು ಪಟ್ಟಿ ಕೂತಿತ್ತು. ಬೆರಳಗಲ, ಕೆಂಗಂದು ಬಣ್ಣ, ಒತ್ತಿ ಮಾಡಿದ ಕಂಬಳಿಯ ತುಂಡಿನ ಹಾಗೆ. ಚಿಮಟದಿಂದ ಹಿಡಿದು ಎಳೆದರೆ ಇಡಿಯಾಗಿ ಬಂತು.

ತಂದೆ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಎರಡು ಬೆರಳಲ್ಲಿ ಹಿಸುಕಿ ಬಿಡಿಸಿದರು. ಅದೇನೆಂದು ಅವರಿಗೆ ಯಾರೂ ಹೇಳಬೇಕಿರಲಿಲ್ಲ. ತೆಂಗಿನ ನಾರಿನ ಪುಡಿ. ಅಟ್ಟದ ಬಿದಿರ ಗಳುಗಳ ಸಂದಿಯಿಂದ ದಿನವೂ ಉದುರುವುದು, ಅಂಗಳದಲ್ಲಿ ಕಾಯಿ ಸುಲಿಸುವಾಗ ಮನೆಯೊಳಗೆಲ್ಲ ತುಂಬಿಕೊಳ್ಳುವುದು, ಅನ್ನದ ತಟ್ಟೆಯಲ್ಲೂ ಹಾಸಿಗೆಯಲ್ಲೂ ಇರುವುದು. ಅರವತ್ತು ವರ್ಷದಿಂದ ಅವರ ಮೂಗಿನಲ್ಲಿರುವುದು.

“ಇದು ನಮ್ಮ ಅಟ್ಟದ್ದೇ” ಎಂದರು.

ವಿಂಡೋಸ್ ಇದ್ದ ಮೂರು ವರ್ಷದಲ್ಲೂ ಅದು ಉದುರುತ್ತಲೇ ಇತ್ತು. ಆಗ ಪದರ ಇಷ್ಟು ದಪ್ಪವಿರಲಿಲ್ಲ, ಗಂಟೆಗಟ್ಟಲೆ ದುಡಿಯುವ ಪ್ರಾಜೆಕ್ಟೂ ಇರಲಿಲ್ಲ. ದೀಪಾವಳಿಯಿಂದ ಸಂಕ್ರಾಂತಿವರೆಗೆ ಚಳಿ. ಚಳಿಗಾಲದ ಕೊನೆಗೆ ಕಾಯಿ ಸುಲಿಸಿದರು, ಶಿವರಾತ್ರಿ ಕಳೆದು ಬಿಸಿಲು ಏರಿತು, ಗರಿಗಳ ಲೆಕ್ಕ ಶುರುವಾಯಿತು. ನಾಲ್ಕೂ ಒಟ್ಟಿಗೆ ಕೂಡಿಬಂದಾಗ ಯಂತ್ರ ನಿಂತಿತು. ಆ ಹೊತ್ತಿಗೆ ಕಣ್ಣಿಗೆ ಹೊಸದಾಗಿ ಕಾಣುತ್ತಿದ್ದದ್ದು ಉಬುಂಟು ಒಂದೇ. ಅದಕ್ಕೆ ಆಪಾದನೆ ಬಂತು, ಅದನ್ನು ಹಾಕಿದವನಿಗೂ ಬಂತು.

ಉಳಿದದ್ದು ಒಂದು ಗಂಟೆಯ ಕೆಲಸ. ಫ್ಯಾನಿನ ರೆಕ್ಕೆ ತಿರುಗದಂತೆ ಕಡ್ಡಿ ಕೊಟ್ಟು, ಬಣ್ಣ ಬಳಿಯುವ ಹೊಸ ಬ್ರಶ್ಶಿನಿಂದ ಹಲ್ಲುಗಳ ನಡುವಿನ ಧೂಳು ತೆಗೆದಳು. ಪ್ರೊಸೆಸರಿನ ಮೇಲೆ ಒಣಗಿ ಸುಣ್ಣದಂತಾಗಿದ್ದ ಶಾಖವಾಹಕ ಪೇಸ್ಟನ್ನು ಒರೆಸಿ, ಪೇಟೆಯಿಂದ ತಂದ ಹೊಸದನ್ನು ಕಡಲೆಕಾಳಿಗಿಂತ ಚಿಕ್ಕದಾಗಿ ಹಚ್ಚಿದಳು. ತಳ ಮುಚ್ಚಿ, ನಡುಮಧ್ಯಾಹ್ನ, ಅದೇ ಅಟ್ಟದ ಕೆಳಗಿನ ಕೋಣೆಯಲ್ಲಿ, ಅದೇ ಉಬುಂಟುವಿನಲ್ಲಿ, ಅದೇ ಲೆಕ್ಕ ಕೊಟ್ಟಳು. ಅರ್ಧ ಗಂಟೆಗೆ 71 ಡಿಗ್ರಿ. ಒಂದು ಗಂಟೆಗೂ 71. ಅಜ್ಜಿಯ ಹತ್ತಿ ಹಾರಿ ಬಾಗಿಲ ಬಳಿ ಬಿತ್ತು. “ಇದರ ಮನೆ ಹಾಳಾಗ” ಎಂದು ಅವರು ಸಂತೋಷದಿಂದ ಬೈದರು.

ಹಿಂದೊಮ್ಮೆ ಮಂಡಿಯೊಂದರಲ್ಲಿ ಆ ತಂದೆಯ ಕೊಬ್ಬರಿ ಚೀಲದಿಂದ ಒಂದು ಉಂಡೆ ತೆಗೆದು ಒಡೆದಾಗ ಕೌಟು ವಾಸನೆ ಬಂದಿತ್ತು. ವರ್ತಕ ಉಳಿದದ್ದನ್ನು ಮೂಸಿಯೂ ನೋಡದೆ ಇಡೀ ಲಾಟಿಗೆ ರೇಟು ಇಳಿಸಿದ್ದ. ‘ಒಂದು ಕಾಯಿ ನೋಡಿ ಅಟ್ಟಾನೇ ಕೊಳೆತದೆ ಅಂತಾರಲ್ಲ, ಇವರಿಗೆ ಕಿವಿ ಇಲ್ವಾ, ಅಲ್ಲಾಡಿಸಿ ನೋಡಾಕೆ ಕೈ ಇಲ್ವಾ’ ಎಂದು ಅವರು ಇಂದಿಗೂ ಹೇಳುತ್ತಾರೆ. ಆ ದಿನ ಮಗಳು ನೋಟ್‌ಬುಕ್ಕನ್ನು ಅವರ ಮುಂದೆ ಇಟ್ಟಳು. ಅವಳು ಏನನ್ನೂ ನೆನಪಿಸಲಿಲ್ಲ. ಅವರು ಕನ್ನಡಕ ಹಾಕಿಕೊಂಡು ಎರಡು ಪುಟ ಓದಿದರು. ಗಂಟೆ, ಜಾಗ, ನಿಮಿಷ. ಹಳೆಯ ಕರ್ನೆಲ್, ಹದಿನೇಳು. ಪೆನ್‌ಡ್ರೈವ್, ಹದಿನಾರು.

“ಇಷ್ಟೂ ಸಲ ಅಲ್ಲಾಡಿಸಿ ನೋಡಿದ್ಯಾ?” ಎಂದರು.

“ಹೂಂ ಅಪ್ಪಾಜಿ.”

ಸಂಜೆ ಅವರು ಅಟ್ಟ ಹತ್ತಿ, ಮಗಳು ಕೂರುವ ಕೋಣೆಯ ಮೇಲ್ಭಾಗದ ಕಾಯಿಯನ್ನೆಲ್ಲ ಒಂದು ಕಡೆ ಸರಿಸಿ, ಬಿದಿರ ಗಳುಗಳ ಮೇಲೆ ಹಳೆಯ ಟಾರ್ಪಾಲು ಹಾಸಿ ಬಂದರು. ಮೈ ಕೈಯೆಲ್ಲ ನಾರು. ಕಾಲು ತೊಳೆದುಕೊಂಡು ಜಗುಲಿಯಲ್ಲಿ ಕೂತು ಬೆಂಗಳೂರಿಗೆ ಫೋನು ಮಾಡಿದರು. ಸಾಮಾನ್ಯವಾಗಿ ಅವರಾಗಿ ಮಾಡುವವರಲ್ಲ. ಒಳಗೆ ಮೂರು ಹೆಂಗಸರೂ ಕೆಲಸ ನಿಲ್ಲಿಸಿದರು.

ಮಳೆಯ ಮಾತಾಯಿತು. ಕೊಬ್ಬರಿ ರೇಟಿನ ಮಾತಾಯಿತು. ಅಜ್ಜಿ ಚೆನ್ನಾಗಿದ್ದಾರೆ ಎಂದಾಯಿತು. ಎಂದಿನಂತೆ ಅಲ್ಲಿಗೆ ಮಾತು ಮುಗಿಯಬೇಕು. ಅವರು ಫೋನನ್ನು ಕಿವಿಯಿಂದ ತೆಗೆಯಲಿಲ್ಲ.

“ಆ ಮಿಷನ್ ಸರಿ ಹೋತು ಕಣಪ್ಪ. ನಮ್ಮ ಅಟ್ಟದ ಧೂಳು ಕೂತಿತ್ತು, ಅಷ್ಟೆ. ನೀನು ಹಾಕಿದ್ದು ಹಂಗೇ ಐತೆ, ತೆಗಿಸಿಲ್ಲ.” ಸ್ವಲ್ಪ ತಡೆದು, “ಯುಗಾದಿಗೆ ಎರಡು ದಿನ ಮುಂಚೆ ಬಾ. ಹಳೇ ಕಾಯಿ ಇಳಿಸ್ಬೇಕು, ಒಬ್ಬನ ಕೈಲಾಗಲ್ಲ” ಎಂದರು.